ನಲವತ್ತೊಂದರ ಅಂಗಿ

ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನೆಲದ ಮೇಲೆ ಹಾಸಿ, ಅದರ ಮೇಲೊಂದು ಹಳೆಯ ಬಿಳಿ ಬಟ್ಟೆ ಹರಡಿಕೊಂಡು, ಅವಳು ಅಕ್ಕನ ನೀಲಿ ಅಂಗಿಯನ್ನು ಇಸ್ತ್ರಿ ಮಾಡುತ್ತಿದ್ದಳು. ಮೊದಲು ಕಾಲರು, ಅದೂ ಒಳಮಗ್ಗುಲಿನಿಂದ, ತುದಿಯಿಂದ ಮಧ್ಯಕ್ಕೆ. ಮಧ್ಯದಿಂದ ತುದಿಗೆ ಹೋದರೆ ಬಟ್ಟೆ ಮುಂದಕ್ಕೆ ಸರಿದು ತುದಿಯಲ್ಲಿ ಸುಕ್ಕು ಕೂತುಬಿಡುತ್ತದೆ. ಆಮೇಲೆ ತೋಳಿನ ಪಟ್ಟಿ, ತೋಳು, ಬೆನ್ನು, ಕೊನೆಗೆ ಎದೆಯ ಎರಡು ಭಾಗ. ಬಟ್ಟಲಿನ ನೀರಿಗೆ ಬೆರಳದ್ದಿ ಚಿಮುಕಿಸುವಾಗ ಹನಿ ನೆಲಕ್ಕೆ ಬಿದ್ದ ಸದ್ದೂ ಆಗಬಾರದೆಂದು ಕೈಯನ್ನು ಬಟ್ಟೆಗೆ ತೀರ ಹತ್ತಿರ ಹಿಡಿಯುತ್ತಿದ್ದಳು. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸುವಾಗಲೂ ನಿದ್ದೆ ಹತ್ತಿದ ಮಗುವನ್ನು ಇಳಿಸುವಷ್ಟು ಮೆಲ್ಲಗೆ. ಊರಿನ ಇಸ್ತ್ರಿ ಅಂಗಡಿಯಲ್ಲಿ ಹೀಗೆ ಮಾಡಿದ್ದರೆ ಅಮ್ಮ ನಗುತ್ತಿದ್ದಳು. ಅಲ್ಲಿ ಪೆಟ್ಟಿಗೆ ದಡದಡ ಅಂದರೇನೇ ಕೆಲಸ ನಡೆಯುತ್ತಿದೆ ಎಂದು ಗಿರಾಕಿಗೆ ನಂಬಿಕೆ. ಇಲ್ಲಿ ಸದ್ದು ಮಾಡದಿರುವುದಕ್ಕೆ ಕಾರಣ, ಅಕ್ಕ ಮಲಗಿದ್ದಾಳೆ. ಮಲಗಿದವರನ್ನು ಎಬ್ಬಿಸಬಾರದು. ಕಾರಣ ಸರಿಯಾಗಿಯೇ ಇತ್ತು. ಆದರೂ ಯಾಕೋ ಅದನ್ನು ಮತ್ತೆ ಮತ್ತೆ ತನಗೇ ಹೇಳಿಕೊಳ್ಳಬೇಕಾಗುತ್ತಿತ್ತು.

ಅಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಹಾಸ್ಟೆಲಿನ ಆ ಕೋಣೆಯಲ್ಲಿ ಎರಡು ಮಂಚ, ಎರಡು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಎರಡು ಕಬ್ಬಿಣದ ಕಪಾಟು. ಎರಡನೆಯ ಮಂಚದ ಹುಡುಗಿ, ಕಿಟಕಿ ತೆಗೆಯದ ಕೋಣೆಯಲ್ಲಿ ತನಗೆ ತಲೆನೋವು ಬರುತ್ತದೆಂದು ವಾರ್ಡನ್ನಿಗೆ ಹೇಳಿ, ಹಾಸಿಗೆ ಸುತ್ತಿಕೊಂಡು ಕೆಳಗಿನ ಮಹಡಿಗೆ ಹೋಗಿಬಿಟ್ಟಿದ್ದಳಂತೆ. ಆ ಮಂಚದ ಮೇಲೆ ಈಗ ಇವಳು ಮಲಗುತ್ತಾಳೆ. ‘ದೊಡ್ಡವಳಿಗೆ ಅಶಕ್ತಿ ಅಂತೆ, ಓದಿ ಓದಿ ಮೈಯಲ್ಲಿ ರಕ್ತ ಬತ್ತಿರುತ್ತೆ, ಹೋಗಿ ನಾಲ್ಕು ದಿನ ನೋಡ್ಕೊಂಡು ಬಾ’ ಎಂದು ಅಮ್ಮ ಕಳಿಸಿದ್ದಳು. ನಾಲ್ಕು ದಿನ ಅನ್ನುವುದು ಅಮ್ಮನ ಬಾಯಲ್ಲಿ ಒಂದು ಮಾತು ಅಷ್ಟೆ, ಲೆಕ್ಕವಲ್ಲ. ವಾರ್ಡನ್ ಮೇಡಂ ಮೊದಲು ಒಂದು ವಾರ ಅಂದರು, ಆಮೇಲೆ ಕೇಳುವುದನ್ನು ಬಿಟ್ಟರು. ಮೆಟ್ಟಿಲ ಮೇಲೆ ಎದುರಾದಾಗ ಇವಳನ್ನೇ ಅಕ್ಕ ಎಂದುಕೊಂಡು, ‘ಏನಮ್ಮಾ, ಈಗ ಹುಷಾರಾ?’ ಎಂದು ಒಮ್ಮೆ ಕೇಳಿದರು. ಹೌದು ಮೇಡಂ ಅಂದಿದ್ದಳು. ಇಬ್ಬರದೂ ಒಂದೇ ಹಣೆ, ಒಂದೇ ಗಲ್ಲ. ಯಾರಾದರೂ ಮಾತಾಡಿಸಿದರೆ ಇಬ್ಬರೂ ನೆಲ ನೋಡುವುದೂ ಒಂದೇ ರೀತಿ.

ಇವತ್ತು ನಲವತ್ತೊಂದರ ಸರದಿ. ಅಕ್ಕನ ನಂಬರು ನಲವತ್ತೊಂದು. ಭೂಗೋಳದ ಮೇಷ್ಟ್ರು ಹೋದ ಗುರುವಾರ ಹಲಗೆ ಒರೆಸುತ್ತಾ, ಯಾರು ಯಾವತ್ತು ಸೆಮಿನಾರು ಕೊಡಬೇಕು ಎಂದು ಓದಿ ಹೇಳಿದ್ದರು. ‘ನಲವತ್ತೊಂದು, ಮುಂದಿನ ಗುರುವಾರ, ಮರಳುದಿಬ್ಬಗಳು. ಸೆಮಿನಾರು ಕೊಡದವರು ಪರೀಕ್ಷೆಗೆ ಕೂರೋ ಆಸೆ ಬಿಟ್ಟುಬಿಡಿ.’ ಕೊನೆಯ ಬೆಂಚಿನಲ್ಲಿ ಕೂತು ಅದನ್ನು ಕೇಳಿಸಿಕೊಂಡವಳು ಇವಳು. ಆ ಸುದ್ದಿಯನ್ನು ಹಾಸ್ಟೆಲಿನ ಈ ಮಂಚದ ತನಕ ಹೊತ್ತು ತರಬೇಕಾದವಳೂ ಇವಳೇ. ಆ ಗುರುವಾರ ಸಂಜೆ ಬಂದಾಗ ಅಕ್ಕ ನಿದ್ದೆಯಲ್ಲಿದ್ದಳು, ಹೇಳಲಿಲ್ಲ. ಮರುದಿನ ಎದ್ದು ಕೂತು ಎರಡು ತುಂಡು ಬ್ರೆಡ್ಡು ತಿಂದಳು, ತಿನ್ನುವವಳ ಬಾಯಿಗೆ ಕಲ್ಲು ಹಾಕುವುದು ಬೇಡವೆಂದು ಹೇಳಲಿಲ್ಲ. ಅದರ ಮರುದಿನ ಯಾವ ಕಾರಣವೂ ಸಿಗಲಿಲ್ಲ, ಆದರೂ ಹೇಳಲಿಲ್ಲ. ಆಮೇಲೆ ಹೇಳದೆ ಇದ್ದದ್ದೇ ಒಂದು ವಸ್ತುವಿನ ಹಾಗೆ ಕೋಣೆಯಲ್ಲಿ ಕೂತುಕೊಂಡಿತು. ಅದನ್ನು ಸುತ್ತಿ ಓಡಾಡುವುದು ಅವಳಿಗೆ ಅಭ್ಯಾಸವಾಯಿತು.

ಇದೆಲ್ಲ ಶುರುವಾದದ್ದು ತಮಾಷೆಗೆ. ಅವಳು ಬಂದ ಮರುದಿನ ಬೆಳಿಗ್ಗೆ ಅಕ್ಕ ಹೊದಿಕೆಯೊಳಗಿಂದ ಅಂದಿದ್ದಳು: ‘ನೀನೇ ಹೋಗಿ ಕೂತ್ಕೊಂಡು ಬಾರೇ. ನಂಬರ್ ಕರೆದಾಗ ಎಸ್ ಸರ್ ಅನ್ನು, ಅಷ್ಟೇ. ಹಾಜರಿ ಕಮ್ಮಿ ಆಗ್ತಿದೆ. ಮೇಷ್ಟ್ರು ತಲೆ ಎತ್ತಲ್ಲ.’ ತಮಾಷೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ನಗಲಿಲ್ಲ. ಅಕ್ಕನ ಅಂಗಿ ಅವಳಿಗೆ ಭುಜದಲ್ಲಿ ತುಸು ಸಡಿಲ, ಬಾಕಿಯೆಲ್ಲ ಅಳತೆ ತೆಗೆದು ಹೊಲಿದಂತೆ. ಮೇಷ್ಟ್ರು ನಿಜಕ್ಕೂ ತಲೆ ಎತ್ತುತ್ತಿರಲಿಲ್ಲ. ಅವರು ಹಾಜರಿ ತೆಗೆದುಕೊಳ್ಳುವ ರೀತಿಯೇ ಬೇರೆ. ಹಲಗೆಗೆ ಮುಖ ಮಾಡಿ, ಭೂಪಟದ ಅಂಚನ್ನು ಎಳೆಯುತ್ತಲೇ, ಒಂದು, ಎರಡು, ಮೂರು ಎಂದು ಬಾಯಲ್ಲಿ ನಂಬರು ಕರೆಯುತ್ತಾ ಹೋಗುತ್ತಿದ್ದರು. ಎಲ್ಲಿ ಮೌನವೋ ಅಲ್ಲಿ ಸೀಮೆಸುಣ್ಣ ಒಂದು ಕ್ಷಣ ನಿಲ್ಲುತ್ತಿತ್ತು. ಅವರಿಗೆ ಮುಖಗಳ ಗೊಡವೆ ಇರಲಿಲ್ಲ. ಮೊದಲ ದಿನ ಅವಳ ಬಾಯಿಂದ ಎಸ್ ಸರ್ ಹೊರಟಾಗ ಅದು ಯಾರದೋ ಧ್ವನಿ ಅನ್ನಿಸಿತ್ತು. ಸೀಮೆಸುಣ್ಣ ನಿಲ್ಲಲಿಲ್ಲ. ನಲವತ್ತೆರಡು ಅಂದರು. ವರ್ಷಗಳ ಹಿಂದೆ, ಎಂಟನೆಯ ಕ್ಲಾಸು ಓದುತ್ತಿದ್ದಾಗ, ಅಮ್ಮನ ಮಣಿಕಟ್ಟು ಸೋತು ಅವಳು ಅಂಗಡಿಯಲ್ಲಿ ಒಂದು ದಿನ ನಿಂತವಳು ಮರುದಿನವೂ ನಿಂತಳು, ಯಾರೂ ಶಾಲೆ ಬಿಡು ಎಂದು ಹೇಳಿರಲಿಲ್ಲ. ಯಾರೂ ಹೇಳದೆಯೇ ಬಿಟ್ಟುಹೋಗಿದ್ದ ಬೆಂಚಿಗೆ, ಯಾರೂ ಕರೆಯದೆಯೇ ಹೀಗೆ ಮತ್ತೆ ಬಂದು ಕೂತಿದ್ದಳು.

ಸಂಜೆ ಅಕ್ಕನಿಗೆ ಆ ದಿನದ ಪಾಠ ಒಪ್ಪಿಸುತ್ತಿದ್ದಳು. ಮೊದಮೊದಲು ಅಕ್ಕ ನಗುತ್ತಿದ್ದಳು, ‘ಅದು ಹಾಗಲ್ಲ ಕಣೇ, ಎಲ್ಲಾ ತಲೆಕೆಳಗು ಮಾಡ್ಕೊಂಡು ಬಂದಿದೀಯ’ ಎಂದು ಎದ್ದು ಕೂರುತ್ತಿದ್ದಳು. ಒಂದು ಸಂಜೆ ಹೊದಿಕೆಯನ್ನು ಮೊಣಕಾಲ ಮೇಲೆ ಎಳೆದುಕೊಂಡು, ಅದರ ಸುಕ್ಕುಗಳ ಮೇಲೆ ಬೆರಳಾಡಿಸಿ, ‘ಇದು ಗುಡ್ಡ ಅಂತಿಟ್ಕೋ. ಇಷ್ಟೆತ್ತರದಲ್ಲಿ ಸುತ್ತಾ ಒಂದು ಗೆರೆ. ಇನ್ನೂ ಮೇಲೆ ಇನ್ನೊಂದು. ಗೆರೆ ಹತ್ತಿರ ಹತ್ತಿರ ಇದ್ರೆ ಏರು ಕಡಿದು. ದೂರ ದೂರ ಇದ್ರೆ ಮಲಗಿದ ನೆಲ’ ಅಂದಳು. ಹುಟ್ಟಿದಾಗಿನಿಂದ ಸುಕ್ಕು ಬಿಡಿಸುವುದನ್ನೇ ಕಲಿತವಳಿಗೆ, ಸುಕ್ಕಿಗೆ ಒಂದು ಎತ್ತರ ಇದೆ, ಒಂದು ಹೆಸರಿದೆ, ಅದನ್ನು ಅಳೆದು ಕಾಗದದ ಮೇಲೆ ಇಡುವವರಿದ್ದಾರೆ ಎಂಬುದು ತಿಳಿಯಿತು. ಆ ರಾತ್ರಿ ಹೊದಿಕೆಯನ್ನು ಮುಖದ ತನಕ ಎಳೆದುಕೊಂಡು ತನ್ನ ಮೊಣಕಾಲಿನ ಬೆಟ್ಟವನ್ನು ನೋಡುತ್ತಾ ಮಲಗಿದ್ದಳು. ತಾನು ಹೋಗಿ ಕೂರುವುದರಿಂದ ಅಕ್ಕ ಎದ್ದು ಕೂರುತ್ತಿದ್ದಾಳೆ ಎಂದು ಅವಳು ನಂಬಿದಳು. ನಂಬಿಕೆಗೆ ಒಂದಷ್ಟು ದಿನ ಆಧಾರವೂ ಇತ್ತು. ಆಮೇಲೆ ಅಕ್ಕ ಕೇಳುವುದನ್ನು ಬಿಟ್ಟಳು. ಅವಳು ಮಾತ್ರ ಹೋಗುವುದನ್ನು ಬಿಡಲಿಲ್ಲ.

ಅಂಗಿ ಮುಗಿಯಿತು. ಇಸ್ತ್ರಿಯ ಬಿಸಿ ಇನ್ನೂ ಆರದ ಬಟ್ಟೆಯನ್ನು ಎರಡು ಭುಜ ಹಿಡಿದು ಎತ್ತಿ, ಕುರ್ಚಿಯ ಬೆನ್ನಿಗೆ ಹಾಕಬೇಕು, ಅಕ್ಕನ ಭುಜ ಅಲುಗಾಡಿಸಬೇಕು, ‘ಇವತ್ತು ನಿನ್ನ ಸೆಮಿನಾರು’ ಅನ್ನಬೇಕು. ಮೂರು ಕೆಲಸ. ಅಂಗಿ ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದಳು. ಅಕ್ಕನ ಕುತ್ತಿಗೆಯ ಹಿಂದೆ ಕೂದಲು ಗಂಟು ಕಟ್ಟಿಕೊಂಡಿತ್ತು. ಉಸಿರು ಸಮವಾಗಿತ್ತು, ತೀರ ಸಮವಾಗಿತ್ತು. ಹೇಳಿದರೆ ಅಕ್ಕ ಎದ್ದು ಹೋಗಬಹುದು. ಆಗ ತಾನು ಈ ಕೋಣೆಯಲ್ಲಿ ಕೂತು ಬಕೆಟ್ಟು ತೊಳೆದು ಮಧ್ಯಾಹ್ನದ ಬಸ್ಸಿಗೆ ಬಟ್ಟೆ ತುಂಬಿಕೊಳ್ಳಬೇಕು. ಹೇಳಿದರೆ ಅಕ್ಕ ಏಳದೆಯೂ ಇರಬಹುದು. ಆಗಲೂ ಎಲ್ಲ ಮುಗಿದಂತೆಯೇ. ಅಂಗಿಯ ತೋಳಿನೊಳಗೆ ಕೈ ತೂರಿದಾಗ ಬಿಸಿ ಮೊಳಕೈ ತನಕ ಹತ್ತಿತು. ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಳ್ಳುತ್ತಾ, ಚಿಲಕ ಕಿರುಗುಟ್ಟದಂತೆ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ತೆಗೆದಳು.

ಮೊಗಸಾಲೆಯಲ್ಲಿ ನಡೆಯುವಾಗಲೇ ಅಮ್ಮನ ಫೋನು ಬಂತು. ‘ದೊಡ್ಡವಳು ಎದ್ದಳೇನೇ?’

‘ಎದ್ದಳು. ಕ್ಲಾಸಿಗೆ ಹೊರಟಿದಾಳೆ.’

‘ಕೊಡು ಮತ್ತೆ ಫೋನು.’

‘ಆಗಲೇ ಮೆಟ್ಟಿಲು ಇಳಿದುಬಿಟ್ಟಳು ಅಮ್ಮ.’ ಅದು ಸುಳ್ಳಲ್ಲ ಎಂದು ಮೆಟ್ಟಿಲು ಇಳಿಯುತ್ತಿದ್ದವಳಿಗೆ ಒಂದು ಕ್ಷಣ ಅನ್ನಿಸಿತು.

‘ಇಲ್ಲಿ ಆಸ್ಪತ್ರೆಯೋರ ದುಪ್ಪಟಿ ಗುಡ್ಡ ಬಿದ್ದಿದೆ. ನನ್ನ ಕೈ ನೋಡಿದ್ರೆ ಹೀಗೆ. ಆದ್ರೂ ಪರವಾಗಿಲ್ಲ, ಅವಳ ಪರೀಕ್ಷೆ ಒಂದು ಮುಗೀಲಿ. ಒಂದು ಮನೆಗೆ ಓದೋ ತಲೆ ಒಂದಿದ್ರೆ ಸಾಕು, ಬಾಕಿಯೋರು ಕೈ ಕಾಲು ಆಗ್ಬೋದು. ಏನಂತೀಯ?’

‘ಹೂಂ’ ಅಂದಳು. ಅಮ್ಮ ಅದನ್ನು ಹೊಗಳಿಕೆ ಎಂದೇ ಹೇಳುತ್ತಿದ್ದಳು.

ಕೆಳಗಿನ ಸ್ನಾನದ ಮನೆಯ ಮುಂದೆ ಬಕೆಟ್ಟುಗಳ ಸಾಲು. ಹುಡುಗಿಯರು ಬರದಿದ್ದಾಗ ಬಕೆಟ್ಟುಗಳೇ ಅವರ ಪರವಾಗಿ ನಿಂತಿರುತ್ತವೆ. ಹಸಿರು ಬಕೆಟ್ಟಿನವಳು ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಕೂಗಿದಳು: ‘ನಿಲ್ಲಿ ನಿಲ್ಲಿ. ಇಸ್ತ್ರಿ ನಿಮ್ಮ ಕೈಲಿ ಭಾರಿ ಚೆನ್ನಾಗಿ ಬರುತ್ತಂತೆ. ಸಂಜೆ ನಂದೊಂದು ಅಂಗಿ ಇದೆ, ಬೇಜಾರಿಲ್ಲ ತಾನೆ?’ ಇಲ್ಲ ಅಂದಳು. ಹೋದ ವಾರ ಇನ್ನೊಬ್ಬಳ ಪ್ಯಾಂಟು ಇಸ್ತ್ರಿ ಮಾಡಿಕೊಟ್ಟಾಗ, ಆ ಹುಡುಗಿ ಅವಳ ಅಂಗೈಯಲ್ಲಿ ಒಂದು ಚಾಕೊಲೇಟು ಇಟ್ಟು ಬೆರಳು ಮಡಚಿದ್ದಳು, ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ. ಇಬ್ಬರದೂ ಒಂದೇ ವಯಸ್ಸಿರಬಹುದು. ಆ ಚಾಕೊಲೇಟನ್ನು ಅಕ್ಕನ ದಿಂಬಿನ ಪಕ್ಕ ಇಟ್ಟಿದ್ದಳು. ಅಕ್ಕ ತಿನ್ನಲಿಲ್ಲ, ಅದು ಅಲ್ಲೇ ಕರಗಿ ಕಾಗದಕ್ಕೆ ಅಂಟಿತು.

ಹಾಸ್ಟೆಲಿನಿಂದ ಭೂಗೋಳ ವಿಭಾಗಕ್ಕೆ ಹೋಗುವ ದಾರಿ ಅವಳಿಗೆ ಇಷ್ಟ. ಗ್ರಂಥಾಲಯದ ಮೆಟ್ಟಿಲಲ್ಲಿ ಬಾಗಿಲು ತೆಗೆಯುವುದನ್ನು ಕಾಯುತ್ತಾ ಕೂತವರು, ಸೈಕಲ್ಲು ನಿಲ್ಲಿಸಿ ಬೀಗ ಹುಡುಕುವವರು, ನಡೆಯುತ್ತಲೇ ಕಣ್ಣು ಮುಚ್ಚಿ ಏನನ್ನೋ ಬಾಯಿಪಾಠ ಮಾಡಿ ಕಂಬಕ್ಕೆ ಡಿಕ್ಕಿ ಹೊಡೆಯುವವರು. ಎಲ್ಲರಿಗೂ ಎಲ್ಲಿಗೋ ತಡವಾಗಿದೆ. ಅಂಗಡಿಯಲ್ಲಿ ಅವಳಿಗೆ ಎಂದೂ ತಡವಾದದ್ದಿಲ್ಲ. ಬಟ್ಟೆಗಳಿಗೆ ತಡವಾಗುತ್ತಿತ್ತು, ಅವಳಿಗಲ್ಲ. ಇಲ್ಲಿ ತಡವಾಗುವುದೇ ಒಂದು ಅಂತಸ್ತು ಎನ್ನುವ ಹಾಗೆ, ಹೊತ್ತಿದ್ದರೂ ಅವಳು ಬೇಗ ಬೇಗ ನಡೆಯುತ್ತಿದ್ದಳು. ಅಕ್ಕ ಒಂದು ಸಂಜೆ, ಇವಳು ಕೇಳದೆಯೇ, ಸೂರು ನೋಡುತ್ತಾ ಅಂದಿದ್ದಳು: ‘ಇಲ್ಲಿ ಎಲ್ಲರೂ ಎಷ್ಟು ಬೇಗ ಬರ್ಕೋತಾರೆ ಗೊತ್ತಾ. ನಾನು ಒಂದು ವಾಕ್ಯ ಅರ್ಥ ಮಾಡ್ಕೊಳ್ಳೋಷ್ಟರಲ್ಲಿ ಪುಟ ತಿರುಗಿಸೋ ಸದ್ದು. ಆ ಸದ್ದು ಈಗ ಮಲಗಿದ್ರೂ ಕೇಳುತ್ತೆ.’ ಇವಳಿಗೆ ಆ ಸದ್ದು ಹಿತವಾಗಿ ಕೇಳಿಸುತ್ತಿತ್ತು, ಕೊನೆಯ ಬೆಂಚಿನಲ್ಲಿ ಅದಕ್ಕಾಗಿಯೇ ಕಾಯುತ್ತಿದ್ದಳು, ಹಕ್ಕಿಗಳ ಹಿಂಡು ಒಟ್ಟಿಗೆ ಎದ್ದ ಹಾಗೆ. ಹಾಗೆಂದು ಅಕ್ಕನಿಗೆ ಹೇಳುವುದು ಸರಿಯಲ್ಲ ಅನ್ನಿಸಿತ್ತು.

ವಿಭಾಗದ ಬಾಗಿಲಲ್ಲಿ ಕನ್ನಡಕದವಳು ನಿಂತಿದ್ದಳು. ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕೂರುವವಳು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪೆನ್ಸಿಲು ಕಡಿಯುವವಳು. ಇಷ್ಟು ದಿನ ಇಬ್ಬರ ನಡುವೆ ನಡೆದ ಮಾತು ರಬ್ಬರು ಕೊಡಿ, ತಗೊಳ್ಳಿ, ಇಷ್ಟೇ. ಇವತ್ತು ಅವಳು ಇವಳ ಬೆನ್ನ ಹಿಂದೆ, ದಾರಿಯ ಕಡೆ, ಯಾರನ್ನೋ ಹುಡುಕುವವಳಂತೆ ನೋಡಿದಳು.

‘ಅಕ್ಕ ಬರಲಿಲ್ವಾ?’

ಇವಳು ನೆಲ ನೋಡಿದಳು. ಯಾರ ಅಕ್ಕ ಎಂದು ಕೇಳಬಹುದಿತ್ತು.

‘ಅಯ್ಯೋ, ಹೆದರ್ಕೋಬೇಡಿ. ಎಲ್ಲರಿಗೂ ಗೊತ್ತು ರೀ. ನಿಮ್ಮಕ್ಕ ಎಡಗೈಲಿ ಬರೀತಾರೆ, ನೀವು ಬಲಗೈಲಿ. ಮೊದಲ ದಿನವೇ ಗೊತ್ತಾಯ್ತು. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ ನೀವು ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋಗ್ತಿದ್ರಿ, ಯಾರಿಗೂ ಹೇಳೋಕೆ ಮನಸ್ಸು ಬರಲಿಲ್ಲ. ಮುಂದಿನ ಬೆಂಚಿನ ಹುಡುಗರು ನಿಮಗೆ ಬದಲಿ ಆಟಗಾರ್ತಿ ಅಂತ ಹೆಸರಿಟ್ಟಿದಾರೆ.’ ಅವಳು ನಕ್ಕಳು. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ‘ಆದ್ರೆ ಇವತ್ತು ಸೆಮಿನಾರು. ಅವರೇ ಬೇಕು. ಹೋಗಿ ಕರ್ಕೊಂಡು ಬನ್ನಿ, ಇನ್ನೂ ಟೈಮಿದೆ. ಮೊದಲು ಮೂವತ್ತೊಂಬತ್ತು, ಆಮೇಲೆ ನಲವತ್ತು, ಆಮೇಲೆ ತಾನೆ ಅವರು. ಏನೂ ತಯಾರಿ ಇಲ್ದೇ ಇದ್ರೂ ನಿಮ್ಮಕ್ಕ ಹತ್ತು ನಿಮಿಷ ಮಾತಾಡ್ತಾರೆ. ಮೊದಲ ವರ್ಷ ನಮಗೆಲ್ಲ ಅವರೇ ಹೇಳಿಕೊಡ್ತಿದ್ರು.’

ಅದು ಅವಳಿಗೆ ಗೊತ್ತಿರಲಿಲ್ಲ. ಅಕ್ಕ ಯಾರಿಗೋ ಹೇಳಿಕೊಡುತ್ತಿದ್ದಳು. ಹೊದಿಕೆಯ ಗುಡ್ಡ ತನ್ನೊಬ್ಬಳಿಗಾಗಿ ಮಾಡಿದ್ದಲ್ಲ. ಹೂಂ ಅಂದು ತಿರುಗಿದಳು, ಬಂದ ದಾರಿಯಲ್ಲೇ ನಡೆದಳು, ಗ್ರಂಥಾಲಯದ ಮೆಟ್ಟಿಲ ತನಕ ನಡೆದಳು. ಬಾಗಿಲು ತೆಗೆದಿತ್ತು, ಮೆಟ್ಟಿಲು ಖಾಲಿ. ಎಲ್ಲರೂ ಎಲ್ಲಿರಬೇಕೋ ಅಲ್ಲಿಗೆ ಹೋಗಿಯಾಗಿತ್ತು. ಖಾಲಿ ದಾರಿಯಲ್ಲಿ ನೀಲಿ ಅಂಗಿ ತೊಟ್ಟು ತಾನೊಬ್ಬಳೇ ನಿಂತಿರುವುದು ಬಹಳ ದೂರದಿಂದಲೂ ಕಾಣುತ್ತದೆ ಅನ್ನಿಸಿತು. ಬದಲಿ ಆಟಗಾರ್ತಿ. ಮೂಲೆಯಲ್ಲಿ ಬೇಸಿನ್ನಿನ ನಲ್ಲಿ ಬಿಟ್ಟು ಕೈ ತೊಳೆದಳು, ಕೈ ಕೊಳೆಯಾಗಿರಲಿಲ್ಲ. ಇಲ್ಲಿಂದ ಮುಂದೆ ಹೋದರೆ ಅಕ್ಕನ ಭುಜ ಅಲುಗಾಡಿಸಬೇಕು, ಹೋದ ಗುರುವಾರದಿಂದ ಯಾಕೆ ಹೇಳಲಿಲ್ಲ ಎಂದು ಅಕ್ಕ ಕೇಳುತ್ತಾಳೆ. ಆ ಪ್ರಶ್ನೆ ಒಂದು ಕಡೆ. ಇನ್ನೊಂದು ಕಡೆ ಕೊನೆಯ ಬೆಂಚು, ಇನ್ನೊಂದೇ ಸಲ. ಅವಳು ಯೋಚನೆ ಮಾಡಿ ತಿರುಗಿದಳು ಎನ್ನುವಂತಿಲ್ಲ. ಕಾಲು ತಿರುಗಿತು. ಕ್ಲಾಸಿನ ಹಿಂಬಾಗಿಲಿನಿಂದ ನುಸುಳಿ ತನ್ನ ಜಾಗದಲ್ಲಿ ಕೂತಾಗ ಕನ್ನಡಕದವಳು ಅವಳನ್ನೂ ಬಾಗಿಲನ್ನೂ ಒಮ್ಮೆ ನೋಡಿ, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದಳು.

ಸೆಮಿನಾರಿನ ದಿನ ಮೇಷ್ಟ್ರು ಹಲಗೆಯ ಹತ್ತಿರ ಇರುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಅವರು ಹಿಂದೆ ಬಂದು, ‘ಸ್ವಲ್ಪ ಸರಿಯಮ್ಮಾ’ ಎಂದು ಅವಳ ಬೆಂಚಿನ ತುದಿಯಲ್ಲೇ ಕೂತರು. ಹತ್ತಿರದಿಂದ ಅವರು ಸಣ್ಣಗಿದ್ದರು. ತೋಳಿನ ಪಟ್ಟಿ ಸುಕ್ಕಾಗಿತ್ತು, ಒಂದು ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಕಣ್ಣು ಮುಚ್ಚಿ, ಗದ್ದಕ್ಕೆ ಕೈಯಾನಿಸಿ, ಮೂವತ್ತೊಂಬತ್ತು ಅಂದರು. ಒಬ್ಬ ಉದ್ದನೆಯ ಹುಡುಗ ಎದ್ದುಹೋಗಿ ಹಿಮನದಿಗಳ ಬಗ್ಗೆ, ತನ್ನ ಬೂಟಿನ ತುದಿಗೆ ಹೇಳುವವನಂತೆ, ಹೇಳಿ ಮುಗಿಸಿದ. ಮೇಷ್ಟ್ರು ಕಣ್ಣು ತೆರೆಯದೆ ಒಂದು ಪ್ರಶ್ನೆ ಕೇಳಿದರು, ಅವನು ತಪ್ಪು ಹೇಳಿದ, ಅವರು ಸರಿ ಕೂತ್ಕೋ ಅಂದರು. ‘ನಲವತ್ತು.’ ಯಾರೂ ಏಳಲಿಲ್ಲ. ‘ನಲವತ್ತು?’ ಮುಂದಿನಿಂದ ಯಾರೋ, ‘ಜ್ವರ ಅಂತೆ ಸರ್’ ಅಂದರು.

‘ಸೋಮವಾರ ಬರಲಿ. ಬರದೆ ಇದ್ದೋರಿಗೆ ಇನ್ನೊಂದು ದಿನ ಕೊಡ್ತೀನಿ. ಬಂದು ಬಾಯಿ ಮುಚ್ಕೊಂಡು ನಿಂತೋರಿಗೆ ಮಾತ್ರ ಕೊಡಲ್ಲ.’

ಅದು ಅವಳಿಗೆ ಪೂರ್ತಿ ಅರ್ಥವಾಯಿತು. ಇಡೀ ಕೋಣೆ ಒಮ್ಮೆಲೇ ಬಹಳ ಸ್ಪಷ್ಟವಾಯಿತು: ಮುಂದಿನ ಬೆಂಚಿನವನ ಕಿವಿಯ ಹಿಂದಿನ ಸೋಪಿನ ಗುರುತು, ಹಲಗೆಯ ಕೆಳಗೆ ಬಿದ್ದ ಸೀಮೆಸುಣ್ಣದ ತುಂಡು, ಪಕ್ಕದಲ್ಲಿ ಕನ್ನಡಕದವಳು ಬೆಂಚಿನ ಕೆಳಗಿನಿಂದ ಅವಳ ಮೊಣಕಾಲನ್ನು ಒತ್ತಿ ಹಿಡಿದದ್ದು, ಸುಮ್ಮನಿರು ಎಂದು. ಸುಮ್ಮನಿದ್ದರೆ ಸೋಮವಾರ. ಸುಮ್ಮನಿರುವುದು ಅವಳಿಗೆ ಬರದ ವಿದ್ಯೆಯಲ್ಲ, ಹುಟ್ಟಿದಾಗಿನಿಂದ ಬೇರೇನನ್ನೂ ಅಷ್ಟು ಚೆನ್ನಾಗಿ ಮಾಡಿದ್ದೇ ಇಲ್ಲ. ‘ನಲವತ್ತೊಂದು’ ಅಂದರು ಮೇಷ್ಟ್ರು.

‘ಎಸ್ ಸರ್.’

ಅಭ್ಯಾಸವೋ ಆಸೆಯೋ, ಅವಳಿಗೆ ಆಮೇಲೆಯೂ ತೀರ್ಮಾನವಾಗಲಿಲ್ಲ. ಮೊಣಕಾಲ ಮೇಲಿನ ಕೈ ಮೆಲ್ಲಗೆ ಹಿಂದೆ ಹೋಯಿತು. ‘ಹೋಗಮ್ಮಾ’ ಎಂದು ಮೇಷ್ಟ್ರು ಅವಳಿಗೆ ದಾರಿ ಬಿಡಲು ಕಾಲು ಮಡಚಿದರು.

ಮುಂದಿನಿಂದ ನೋಡಿದರೆ ಕ್ಲಾಸು ಬೇರೆಯೇ ಆಗಿತ್ತು. ಇಷ್ಟು ದಿನ ಅವಳು ಬೆನ್ನುಗಳನ್ನು ನೋಡಿದ್ದಳು, ಬೆನ್ನುಗಳನ್ನು ಗುರುತು ಹಿಡಿಯುತ್ತಿದ್ದಳು, ಅವುಗಳ ಅಂಗಿಗಳಲ್ಲಿ ಯಾವುದಕ್ಕೆ ಇಸ್ತ್ರಿಯಾಗಿದೆ ಯಾವುದಕ್ಕಿಲ್ಲ ಎಂದು ಹೇಳಬಲ್ಲವಳಾಗಿದ್ದಳು. ಈಗ ಅವೆಲ್ಲಕ್ಕೂ ಮುಖವಿತ್ತು. ಮುಖಗಳಲ್ಲಿ ಒಂದು ಬಗೆಯ ಕುತೂಹಲವಿತ್ತು, ಹಗ್ಗದ ಮೇಲೆ ನಡೆಯುವವಳು ಬೀಳಲಿ ಎಂದೂ ಬೀಳದಿರಲಿ ಎಂದೂ ಒಟ್ಟಿಗೆ ಬಯಸುವವರ ಕುತೂಹಲ. ಕೊನೆಯ ಬೆಂಚಿನ ತುದಿಯಲ್ಲಿ ಮುಚ್ಚಿದ ಕಣ್ಣಿನ ಮೇಷ್ಟ್ರು, ಅವರ ಪಕ್ಕ ತನ್ನ ಖಾಲಿ ಜಾಗ. ಖಾಲಿ ಜಾಗವೇ ತನಗಿಂತ ಚೆನ್ನಾಗಿ ಕೂತಿದೆ ಅನ್ನಿಸಿತು. ಮರಳುದಿಬ್ಬದ ಬಗ್ಗೆ ಅಕ್ಕನ ಪುಸ್ತಕ ತೆಗೆದು ನೋಡಿದ್ದಳು, ಎರಡು ಮಧ್ಯಾಹ್ನ. ಅಕ್ಷರ ಕೂಡಿಸಿ ಒಂದು ಮಾತು ಮಾಡುವಷ್ಟರಲ್ಲಿ ಹಿಂದಿನ ಮಾತು ಜಾರಿಹೋಗುತ್ತಿತ್ತು. ಹಾಗಾದರೆ ತಯಾರಿ ಮಾಡಿದ್ದೆ ಎಂಬುದು ಈಗ ತಾನೇ ಅವಳಿಗೆ ಹೊಳೆಯಿತು. ಹೇಳದೆ ಇದ್ದದ್ದು ಮರೆವಲ್ಲ, ಕರುಣೆಯಲ್ಲ. ಹೋದ ಗುರುವಾರದಿಂದ ತಾನು ಇಲ್ಲಿ ಬಂದು ನಿಲ್ಲಲು ತಯಾರಾಗುತ್ತಿದ್ದೆ.

‘ಗೆರೆ ಹತ್ತಿರ ಹತ್ತಿರ ಇದ್ರೆ’ ಅಂದಳು. ಧ್ವನಿ ಸರಿಯಾಗಿಯೇ ಬಂತು. ‘ಏರು ಕಡಿದು. ದೂರ ದೂರ ಇದ್ರೆ ಮಲಗಿದ ನೆಲ.’

ಯಾರೋ ನಕ್ಕರು, ಬೇಗ ಕೆಮ್ಮಾಗಿ ಬದಲಾಯಿಸಿಕೊಂಡರು.

‘ಸರಿ’ ಅಂದರು ಮೇಷ್ಟ್ರು. ‘ಮರಳಿಗೆ ಬಾ.’

ಅವಳು ಮರಳಿಗೆ ಬರಲಿಲ್ಲ. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟುವುದು ಗೊತ್ತಾಯಿತು, ಬೆಳಗಿನ ಇಸ್ತ್ರಿ ಹಾಳಾಯಿತು ಎಂದುಕೊಂಡಳು. ನಿಂತೇ ಇದ್ದಳು. ಎಷ್ಟು ಹೊತ್ತೋ, ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ನಿಂತು ಮತ್ತೆ ಶುರುವಾಗಿ ಮತ್ತೆ ನಿಂತಿತು. ಆಗ ಮೇಷ್ಟ್ರು ಕಣ್ಣು ತೆರೆದರು. ನೇರವಾಗಿ ಅವಳನ್ನು ನೋಡಿದರು. ಅವರ ಕಣ್ಣು ಇಷ್ಟು ಬಿಳಚಿಕೊಂಡಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಏನನ್ನೋ ಕೇಳಲಿದ್ದಾರೆ ಅನ್ನಿಸಿತು. ಕೇಳಿದರೆ ಹೇಳಿಬಿಡುತ್ತಿದ್ದಳು, ನಾನು ಅವಳಲ್ಲ ಎಂದು. ಆದರೆ ಅವರು ಮತ್ತೆ ಕಣ್ಣು ಮುಚ್ಚಿದರು. ‘ಸೊನ್ನೆ ಹಾಕ್ಕೋತೀನಿ. ಕೂತ್ಕೋ. ನಲವತ್ತೆರಡು.’

ಹೊರಗೆ ಕನ್ನಡಕದವಳು ಅವಳ ಹಿಂದೆ ಓಡಿಬಂದಳು. ‘ಏನ್ ಮಾಡಿಬಿಟ್ರಿ ನೀವು. ಬಾಯಿ ಮುಚ್ಕೊಂಡಿದ್ರೆ ಸೋಮವಾರ ಸಿಗ್ತಿತ್ತಲ್ಲ.’ ಅವಳು ಬೈಯಲಿಲ್ಲ, ಒಡೆದ ಪಾತ್ರೆಯನ್ನು ನೋಡುವ ಹಾಗೆ ನೋಡಿದಳು. ‘ಕೇಳಿ. ಅವರು ಸಂಜೆ ತನಕ ತಮ್ಮ ಕೋಣೇಲಿ ಇರ್ತಾರೆ, ಆಮೇಲೆ ಅಂಕ ಆಫೀಸಿಗೆ ಹೋಗುತ್ತೆ. ನಿಮ್ಮಕ್ಕನೇ ಬಂದು ಎದುರಿಗೆ ನಿಂತು ಇದ್ದದ್ದು ಇದ್ದಹಾಗೆ ಹೇಳಿದ್ರೆ ಅವರು ಆಗಲ್ಲ ಅನ್ನಲ್ಲ. ಒರಟರ ಥರ ಕಾಣ್ತಾರೆ, ಅಷ್ಟೇ. ಆದ್ರೆ ಅವರೇ ಬರಬೇಕು. ನೀವಲ್ಲ.’

‘ನಾನಲ್ಲ’ ಅಂದಳು.

‘ನಾನೂ ಜೊತೆಗೆ ಬರ್ತೀನಿ ಅಂತ ಹೇಳಿ ಅವರಿಗೆ.’

ಕೋಣೆಯ ಬಾಗಿಲನ್ನು ಈ ಸಲ ಎತ್ತಿ ತೆಗೆಯಲಿಲ್ಲ, ಅದು ನೆಲಕ್ಕೆ ಉಜ್ಜಿ ಕಿರುಗುಟ್ಟಿತು. ಅಕ್ಕ ಬೆಳಿಗ್ಗೆ ಮಲಗಿದ್ದ ಹಾಗೆಯೇ ಮಲಗಿದ್ದಳು. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು, ಅಕ್ಕನ ಬೆನ್ನಿಗೆ, ಎಲ್ಲವನ್ನೂ ಹೇಳಿದಳು. ಹೋದ ಗುರುವಾರದ್ದು, ನಲವತ್ತರ ಜ್ವರ, ಸೋಮವಾರ, ಎಸ್ ಸರ್, ಸೊನ್ನೆ. ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ಮೊಗಸಾಲೆಯಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಹೋದರು.

‘ಗೊತ್ತಿತ್ತು’ ಅಂದಳು ಅಕ್ಕ. ಧ್ವನಿ ಗೋಡೆಗೆ ತಾಗಿ ಬಂತು.

‘ಏನು ಗೊತ್ತಿತ್ತು?’

‘ಗುರುವಾರ ಅಂತ. ನೀನು ಮೆಸ್ಸಿಗೆ ಹೋದಾಗ ಆ ಕನ್ನಡಕದವಳು ಬಂದು ಹೇಳಿದ್ಲು. ಅವತ್ತೇ ಸಂಜೆ.’

ಅವಳು ಅಂಗಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು.

‘ಬೆಳಿಗ್ಗೆ ಎಚ್ಚರಾನೇ ಇದ್ದೆ ಕಣೇ’ ಅಂದಳು ಅಕ್ಕ, ಯಾರ ಮೇಲೂ ದೂರಿಲ್ಲದ, ನೀರು ಬಂತು ಹೋಯ್ತು ಅನ್ನುವ ಧ್ವನಿಯಲ್ಲಿ. ‘ನೀನು ನೀರು ಚಿಮುಕಿಸ್ತಿದ್ದೆ. ಇಸ್ತ್ರಿ ವಾಸನೆ ಬರ್ತಿತ್ತು, ಅಂಗಡೀಲಿ ಇದ್ದಹಾಗೆ ಅನ್ನಿಸ್ತು. ಅಂಗಿ ಕುರ್ಚಿ ಮೇಲೆ ಹಾಕಿ ಇವಳು ಎಬ್ಬಿಸಿದ್ರೆ ಎದ್ದುಬಿಡೋಣ ಅಂತಿದ್ದೆ. ಒಂದೇ ಒಂದು ಸಲ ಕೂಗಿದ್ರೂ ಸಾಕಿತ್ತು. ನೀನು ಹಾಕ್ಕೊಂಡೆ. ಗುಂಡಿ ಹಾಕ್ಕೊಳ್ಳೋ ಸದ್ದು ಕೇಳಿಸ್ತು.’

ಗುಂಡಿ ಹಾಕಿಕೊಳ್ಳುವುದಕ್ಕೆ ಸದ್ದಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ಅಕ್ಕ ನಿಜ ಹೇಳುತ್ತಿದ್ದಾಳೋ, ಏಳದೆ ಇದ್ದುದಕ್ಕೆ ಈಗ ಸಿಕ್ಕ ಕಾರಣವನ್ನು ಹೇಳುತ್ತಿದ್ದಾಳೋ. ಎರಡರಲ್ಲಿ ಯಾವುದಾದರೂ ಅದರ ಭಾರ ಒಂದೇ. ಒಂದು ವಾರ ಇಬ್ಬರೂ ಒಂದೇ ಮಾತನ್ನು ಬಾಯಲ್ಲಿಟ್ಟುಕೊಂಡು, ಒಬ್ಬಳು ಇನ್ನೊಬ್ಬಳು ಹೇಳಲಿ ಎಂದು, ಎದುರುಬದುರು ಮಂಚಗಳಲ್ಲಿ ಮಲಗಿದ್ದರು. ಅಮ್ಮನ ಅಂಗಡಿಯಲ್ಲಿ ಒಮ್ಮೆ, ಅವರಿಬ್ಬರೂ ಚಿಕ್ಕವರಿದ್ದಾಗ, ಪೆಟ್ಟಿಗೆ ಬಟ್ಟೆಯ ಮೇಲೇ ಉಳಿದು ಹೊಗೆ ಏಳುವುದನ್ನು ಇಬ್ಬರೂ ನೋಡಿದ್ದರು. ಅಕ್ಕ ಹೇಳುತ್ತಾಳೆಂದು ಇವಳು, ತಂಗಿ ಹೇಳುತ್ತಾಳೆಂದು ಅವಳು ಸುಮ್ಮನಿದ್ದು, ಯಾರದೋ ಬಿಳಿ ಅಂಗಿಯ ಮೇಲೆ ಪೆಟ್ಟಿಗೆಯ ಆಕಾರ ಕಂದಾಗಿ ಮೂಡಿತ್ತು. ಆಗ ಅಮ್ಮ ಇಬ್ಬರನ್ನೂ ಬೈದಿದ್ದಳು. ಈಗ ಬೈಯುವವರು ಇರಲಿಲ್ಲ.

‘ಸಂಜೆ ತನಕ ಟೈಮಿದೆ’ ಅಂದಳು. ‘ಕನ್ನಡಕದವರು ಜೊತೆಗೆ ಬರ್ತಾರಂತೆ.’

ಅಕ್ಕ ಹೊದಿಕೆಯನ್ನು ಭುಜದ ತನಕ ಎಳೆದುಕೊಂಡಳು.

ಅವಳು ಎದ್ದಳು. ಅಂಗಿ ಬಿಚ್ಚಿ ತನ್ನ ಹಳೆಯದನ್ನು ಹಾಕಿಕೊಂಡಳು. ಕಂಬಳಿಯನ್ನು ಮತ್ತೆ ನೆಲಕ್ಕೆ ಹಾಸಿ, ಪ್ಲಗ್ಗು ಚುಚ್ಚಿ, ಬಟ್ಟಲನ್ನು ಮೇಜಿನಿಂದ ಟಣ್ಣನೆ ಕೆಳಗಿಟ್ಟಳು. ಬೆನ್ನಿನ ಭಾಗ ಬೆವರಿಗೆ ಮುದುಡಿತ್ತು, ತೋಳಿನ ಮಡಿಕೆಗಳಲ್ಲಿ ಗೆರೆಗಳು ಹತ್ತಿರ ಹತ್ತಿರ ಕೂತಿದ್ದವು. ನೀರನ್ನು ಎತ್ತರದಿಂದ ಚಿಮುಕಿಸಿದಳು, ನೆಲಕ್ಕೆ ಪಟಪಟ ಬಿತ್ತು. ಪೆಟ್ಟಿಗೆಯನ್ನು ಅಂಗಡಿಯಲ್ಲಿ ಇಡುವ ಹಾಗೆ ದಡದಡ ಇಟ್ಟು ಎತ್ತಿ ಇಟ್ಟಳು. ಕೆಳಗಿನ ಮಹಡಿಯಿಂದ ಯಾರೋ, ‘ಏನ್ರೀ ಅದು ಮೇಲೆ’ ಎಂದು ಕೂಗಿದರು. ಕಾಲರು, ಪಟ್ಟಿ, ತೋಳು, ಬೆನ್ನು, ಎದೆ. ಮುಗಿಸಿ, ಅಂಗಿಯನ್ನು ಎರಡು ಭುಜ ಹಿಡಿದು ಎತ್ತಿ, ಕುರ್ಚಿಯ ಬೆನ್ನಿಗೆ ಹಾಕಿ, ಕುರ್ಚಿಯನ್ನು ಎಳೆದು ಮಂಚದ ಹತ್ತಿರ ತಂದಳು. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು, ಎರಡು ಸಲ ಗುದ್ದಿದ ಮೇಲೆ ತೆರೆಯಿತು. ಬೆಳಕು ಅಂಗಿಯ ಮೇಲೂ ಅಕ್ಕನ ಕುತ್ತಿಗೆಯ ಗಂಟುಗೂದಲ ಮೇಲೂ ಬಿತ್ತು. ಬಗ್ಗಿ, ಅಕ್ಕನ ಭುಜದ ಮೇಲೆ ಕೈಯಿಟ್ಟಳು. ಕೈ ಇನ್ನೂ ಬಿಸಿಯಿತ್ತು.

‘ಅಕ್ಕಾ, ಎದ್ದೇಳು. ಅಂಗಿ ಹಾಕ್ಕೋ.’

ಮೊಗಸಾಲೆಯ ಕೊನೆಯಲ್ಲಿ ಯಾರದೋ ಬಕೆಟ್ಟು ತುಂಬಿ ಹರಿಯುತ್ತಿತ್ತು.